ಹೊಲ ಅವ್ವನದು, ಪಹಣಿ ಯಾರದು?



ಎಳ್ಳಮಾಸಿ ಬಂತಂದ್ರೆ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಊರಿಗೆ ಊರೇ ಹೊಲಕ್ಕೆ ಹೋಗ್ತದೆ. ಹೆಣ್ಣುಮಕ್ಕಳು ಮೊದಲೇ ಸಜ್ಜಿ ರೊಟ್ಟಿ ಬಡಿದಿಟ್ಟಿರ್ತಾರೆ, ಭಜ್ಜಿ ಕುದಿಸಿರ್ತಾರೆ. ಬುಟ್ಟಿ ಹೊತ್ತು ಹೋಗಿ ಬೆಳೆಗೆ ಚರಗ ಚೆಲ್ತಾರೆ. ಶೀಗಿ ಹುಣ್ಣಿಮೆಗೆ ಹೊಲ ಬಸುರಿ ಅಂತ ಉಡಿ ತುಂಬ್ತಾರೆ. ಭೂಮಿಯನ್ನು ತಾಯಿ ಅನ್ನೋದರಲ್ಲಿ ನಮ್ಮನ್ನು ಮೀರಿಸೋರು ಯಾರೂ ಇಲ್ಲ. ಹಬ್ಬ ಮುಗಿದ ಮರುದಿನ ತಾಲ್ಲೂಕು ಕಚೇರಿಗೆ ಹೋಗಿ ಒಂದು ಪಹಣಿ ತೆಗೆಸಿ ನೋಡ್ರಿ. ಒಡೆಯರ ಹೆಸರು ಬರೆಯುವ 9ನೇ ಕಲಮಿನಲ್ಲಿ ಅಪ್ಪ ಇರ್ತಾನೆ, ಇಲ್ಲವೆ ಎಂದೋ ಸತ್ತುಹೋದ ಮುತ್ಯಾ ಇರ್ತಾನೆ. ಸಾಗುವಳಿ ಮಾಡುವವರ ಹೆಸರು ಬರೆಯುವ 12ನೇ ಕಲಮಿನಲ್ಲಾದರೂ ಅವ್ವ ಇದ್ದಾಳೇನು? ಅಲ್ಲೂ ಇಲ್ಲ. ಬಿತ್ತಿದವಳು, ಕಸ ತೆಗೆದವಳು, ರಾಶಿ ಮಾಡಿದವಳು, ಚರಗ ಚೆಲ್ಲಿದವಳು ಸರ್ಕಾರದ ಕಾಗದದ ಪ್ರಕಾರ ಆ ಹೊಲದಾಗ ಎಂದೂ ಕಾಲಿಟ್ಟೇ ಇಲ್ಲ.

2015-16ರ ಕೃಷಿ ಗಣತಿ ನೋಡಿದರೆ ಇಡೀ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ 14ರ ಹತ್ತಿರ. ಹೊಲದಾಗ ಬಗ್ಗಿ ದುಡಿಯೋರನ್ನ ಎಣಿಸಿದರೆ ಲೆಕ್ಕ ಎಷ್ಟಾಗತದೆ ಅನ್ನೋದನ್ನ ನಿಮ್ಮ ನಿಮ್ಮ ಊರ ದಾರಿಯಲ್ಲಿ ಮುಂಜಾನೆ ನಿಂತು ನೀವೇ ನೋಡಿಕೊಳ್ಳಿ.

ನಾನು ಹೇಳಬೇಕಾದ್ದು ಇಷ್ಟು. ನಮ್ಮ ಭಾಗದ ನೆಲ ಕೈಬಿಟ್ಟು ಹೋಗ್ತಾ ಇದೆ. ಅದು ಹೋಗುವ ಬಾಗಿಲು ಪಹಣಿಯ ಈ ಕಲಮು. ಹೆಂಗಸರು ಮುಂದೆ ನಿಂತ ಕಡೆ ನೆಲ ಉಳಿದಿದೆ, ಉಳಿಯದಿದ್ದರೂ ಸದ್ದಿಲ್ಲದೆ ಹೋಗಿಲ್ಲ. ಭೂಮಿ ಭೂಮಿ ಅಂತ ಘೋಷಣೆ ಕೂಗುವ ನಾವು ಅವ್ವನನ್ನು ಒಂದು ಮಾತು ಕೇಳದೆ ಯಾರ ಭೂಮಿ ಉಳಿಸೋಕೆ ಹೊರಟಿದ್ದೇವೆ?

ನಮ್ಮ ಕಾಲ ಕೆಳಗಿನ ನೆಲದ ಕಥೆ ಮೊದಲು ನೋಡೋಣ. ಕಾಗಿಣಾ ದಂಡೆಯ ಈ ಸೀಮೆಯಲ್ಲಿ ಮೇಲೆ ಕರಿ ಮಣ್ಣು, ಅಡಿಯಲ್ಲಿ ಸುಣ್ಣದ ಕಲ್ಲು. ಮೇಲಿನ ಮಣ್ಣಿನಲ್ಲಿ ಬೆಳೆಯುವ ತೊಗರಿಗೆ 2019ರಲ್ಲಿ ‘ಗುಲ್ಬರ್ಗಾ ತೊಗರಿ’ ಅಂತ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿತು. ನಾವು ಬದುಕೋದು ಮೇಲಿನ ಮಣ್ಣಿನಿಂದ. ಬಂಡವಾಳಕ್ಕೆ ಬೇಕಾದ್ದು ಅಡಿಯ ಕಲ್ಲು. ಶಹಾಬಾದಿನ ಕಲ್ಲು ಊರೂರಿನ ಸಾವುಕಾರರ ಅಂಗಳಕ್ಕೆ ಹಾಸಾಯಿತು. ಶಹಾಬಾದಿಗೆ ಸ್ವಾತಂತ್ರ್ಯಕ್ಕೂ ಮೊದಲೇ ಸಿಮೆಂಟು ಬಂತು. 1968ರಲ್ಲಿ ವಾಡಿಗೆ ಬಂತು. ಎಂಬತ್ತರ ದಶಕದಲ್ಲಿ ಸೇಡಂ, ಮಳಖೇಡಗಳಲ್ಲಿ ಚಿಮಣಿ ಎದ್ದವು. ಆಮೇಲೆ ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಿಗೂ ಬಂದವು. ರಾಷ್ಟ್ರಕೂಟರ ರಾಜಧಾನಿ ಅಂತ ನಾವು ಪಾಠದಲ್ಲಿ ಓದಿದ ಮಾನ್ಯಖೇಟ ಇವತ್ತು ಸಿಮೆಂಟಿನ ಚೀಲದ ಮೇಲಿನ ವಿಳಾಸ. ಕಂಪನಿಗಳ ಬೋರ್ಡು ಬದಲಾಗ್ತಾ ಬಂದಿವೆ. ವಾಡಿಯ ಕಾರ್ಖಾನೆ 2022ರಲ್ಲಿ ಅದಾನಿ ಗುಂಪಿನ ಕೈಗೆ ಹೋಯಿತು. ಬೋರ್ಡು ಯಾರದೇ ಇರಲಿ, ಕಲ್ಲು ತೆಗೆದ ಮೇಲೆ ಊರ ಪಾಲಿಗೆ ಉಳಿಯೋದು ತಗ್ಗು.

ಹೊಲ ಹೇಗೆ ಹೋಗ್ತದೆ ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಪೊಲೀಸರು ಬಂದು ಬಡಿದು ಕಸಿದುಕೊಂಡರೆ ಕಣ್ಣಿಗಾದರೂ ಕಾಣ್ತದೆ. ನಮ್ಮ ಕಡೆ ಬಹಳಷ್ಟು ಹೊಲ ಹೋಗೋದು ಚಹಾದಂಗಡಿಯಲ್ಲಿ. ಒಬ್ಬ ಏಜೆಂಟ ಬರ್ತಾನೆ. ಅವನು ಹೊರಗಿನವನಲ್ಲ, ನಮ್ಮೂರವನೇ, ಎಷ್ಟೋ ಸಲ ನಮ್ಮ ಕೇರಿಯವನೇ. ಅಪ್ಪನ ಹೆಗಲ ಮೇಲೆ ಕೈ ಹಾಕ್ತಾನೆ. “ಎಕರೆಗೆ ಇಷ್ಟು ಕೊಡಸ್ತೀನಿ, ಮಗನಿಗೆ ಗೇಟಿನಾಗ ನೌಕರಿ” ಅಂತಾನೆ. ಮಗಳ ಮದುವೆ ಸಾಲ, ಬೋರ್ ಹೊಡೆಸಿ ನೀರು ಬರದ ಸಾಲ, ಎರಡು ವರ್ಷ ತೊಗರಿ ಒಣಗಿದ ಸಾಲ ಎಲ್ಲಾ ಅಪ್ಪನ ಕಣ್ಣ ಮುಂದೆ ನಿಲ್ತಾವೆ. ನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಬೀಳ್ತದೆ. ಆ ಹೊತ್ತಿಗೆ ಅವ್ವ ಅದೇ ಹೊಲದಾಗ ಕಸ ತೆಗೀತಿರ್ತಾಳೆ. ಸಂಜೆ ಮನೆಗೆ ಬಂದು “ಏನಾತು?” ಅಂತ ಕೇಳಿದರೆ “ನಿನಗೇನ್ ತಿಳೀತದ, ರೊಟ್ಟಿ ಹಾಕು” ಅನ್ನೋ ಉತ್ತರ.

ರೊಕ್ಕ ಎಲ್ಲಿಗೆ ಹೋಗ್ತದೆ ಅನ್ನೋದೂ ಗೊತ್ತು. ಸಾಲಗಾರನಿಗೆ ಅರ್ಧ, ಮೋಟಾರ್ ಸೈಕಲ್ಲಿಗೆ ಸ್ವಲ್ಪ, ಬಾಟಲಿಗೆ ಉಳಿದದ್ದು. ಮುಂದಿನ ಮುಂಗಾರಿಗೆ ಅವ್ವ ಮಂದಿ ಹೊಲಕ್ಕೆ ಕೂಲಿ.

ಹೆಂಗಸರೇ ಯಾಕೆ ಮುಂದೆ ನಿಲ್ಲಬೇಕು? ತಾಯಿ ಹೃದಯ, ಭೂಮಿ ತೂಕದ ಸಹನೆ ಅಂತ ಕೆಲವು ಕವಿಗಳು ಬರೀತಾರೆ. ಕವಿತೆ ಬರೆಯುವ ನಾನು ಆ ಮಾತು ನಂಬೋದಿಲ್ಲ. ಇದು ಹೊಟ್ಟೆಯ ಲೆಕ್ಕ. ಹೊಲ ಹೊಲವಾಗಿರೋ ತನಕ ಅದರಿಂದ ಬರೋದು ಹೆಂಗಸಿನ ಕೈಗೆ ಬರ್ತದೆ. ಒಲೆಗೆ ತೊಗರಿ ಕಟ್ಟಿಗೆ, ಸಾರಿಗೆ ಪುಂಡಿ ಪಲ್ಯ, ರೊಟ್ಟಿ ಜೊತೆಗೆ ಹಕ್ಕರಕಿ, ಆಡು ಮೇಯಿಸೋಕೆ ಬದು, ರಾಶಿ ಆದ ಮೇಲೆ ಆಯ್ದುಕೊಂಡ ಕಾಳು, ಮುಂದಿನ ವರ್ಷಕ್ಕೆ ಗಡಿಗೆಯಲ್ಲಿ ಬೂದಿ ಬೆರೆಸಿಟ್ಟ ಬೀಜ. ಇದ್ಯಾವುದಕ್ಕೂ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಜಾಗ ಇಲ್ಲ. ಅದೇ ಹೊಲ ರೊಕ್ಕ ಆದ ಕೂಡಲೇ ಗಂಡಸಿನ ಜೇಬಿಗೆ ಹೋಗ್ತದೆ. ಹೆಂಗಸು ಹೊಲಕ್ಕಾಗಿ ಹೊಡೆದಾಡೋದು ಅದಕ್ಕೆ. ಅವಳಿಗೆ ಅದರ ಬದಲಿಗೆ ಸಿಗೋದು ಏನೂ ಇಲ್ಲ.

ಕೇರಿಯ ಹೆಂಗಸಿಗೆ ಇನ್ನೂ ಒಂದು ಸಂಕಟ. ನಮ್ಮವರಲ್ಲಿ ಬಹಳ ಮಂದಿಗೆ ಇರೋದು ಪಟ್ಟಾ ಜಮೀನು ಅಲ್ಲ, ಗೈರಾಣ. ಬಗರ್ ಹುಕುಂ ಸಾಗುವಳಿಗೆ ಫಾರಂ 50 ಕೊಟ್ಟರು, 53 ಕೊಟ್ಟರು, 57 ಕೊಟ್ಟರು. ರಸೀದಿ ಟ್ರಂಕಿನಾಗ ಅದೆ, ಹಕ್ಕುಪತ್ರ ಬಂದಿಲ್ಲ. ಗೈರಾಣ ಕಾರ್ಖಾನೆಗೋ ಇನ್ನೊಂದಕ್ಕೋ ಹೋದರೆ ಪರಿಹಾರ ಕೇಳೋಕೆ ಕಾಗದ ಬೇಕು. ಅಲ್ಲಿ ಕಟ್ಟಿಗೆ ಆರಿಸಿದವಳಿಗೆ, ಆಡು ಮೇಯಿಸಿದವಳಿಗೆ, ಹೊತ್ತು ಮೂಡುವ ಮೊದಲು ಚೆಂಬು ಹಿಡಿದು ಹೋದವಳಿಗೆ ಯಾವ ಕಾಗದ ಇರ್ತದೆ?

ಹೆಂಗಸರು ಮುಂದೆ ನಿಂತರೆ ಏನಾಗ್ತದೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಸ್ವಲ್ಪ ದೂರ ಹೋಗಬೇಕು, ಕೊಡಗಿಗೆ.

ಕೊಡಗಿನ ಕಾಫಿ ತೋಟಗಳಲ್ಲಿ ಲೈನ್ ಮನೆ ಅಂತ ಇರ್ತವೆ. ಜೇನುಕುರುಬರು, ಎರವರು, ಆ ಕಾಡಿನ ಮೂಲದ ಮಕ್ಕಳು, ಅಲ್ಲಿ ತೋಟದ ಧಣಿಯ ಕೂಲಿಗಳು. ಕೆಲಸ ಬಿಟ್ಟರೆ ಸೂರೂ ಹೋಯಿತು. ನಮ್ಮ ಅಜ್ಜಂದಿರ ಜೀತಕ್ಕೂ ಇದಕ್ಕೂ ಏನು ಫರಕು? ಇಂಥ ಮನೆಗಳನ್ನು ಬಿಟ್ಟು ಬಂದ ಕುಟುಂಬಗಳು ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡರು. 2016ರ ಡಿಸೆಂಬರ್ 7ರಂದು ಅರಣ್ಯ ಇಲಾಖೆ ಜೆಸಿಬಿ ತಂದು 577 ಕುಟುಂಬಗಳ ಗುಡಿಸಲು ಕೆಡವಿತು. ಚಳಿಗಾಲದ ಕೊಡಗು, ಮೈಮೇಲೆ ಪ್ಲಾಸ್ಟಿಕ್ ಹಾಳೆ, ಮಡಿಲಲ್ಲಿ ಕೂಸು. ಜನ ಅಲ್ಲಿಂದ ಏಳಲಿಲ್ಲ. ಮುಂದಾಳುಗಳ ಸಾಲಿನಲ್ಲಿ ಜೇನುಕುರುಬರ ಹೆಣ್ಣುಮಗಳು ಜೆ.ಕೆ. ಮುತ್ತಮ್ಮ ಇದ್ದರು. ಮಂತ್ರಿ, ಅಧಿಕಾರಿ ಯಾರೇ ಬಂದರೂ ಎದುರು ನಿಂತು ಮಾತಾಡಿದರು. ಮಡಿಕೇರಿ ಚಲೋ ಆಯಿತು, ರಾಜ್ಯದ ನಾನಾ ಕಡೆಯಿಂದ ದಲಿತ ಸಂಘಟನೆಗಳೂ ಹೋದವು. ಕೊನೆಗೆ ಸರ್ಕಾರ ಬಸವನಹಳ್ಳಿ, ಬ್ಯಾಡಗೊಟ್ಟ ಕಡೆ ಪುನರ್ವಸತಿ ಕೊಡಬೇಕಾಯಿತು. ಅವರು ಕೇಳಿದ್ದ ದಿಡ್ಡಳ್ಳಿಯ ನೆಲ ಸಿಗಲಿಲ್ಲ. ಪೂರ್ತಿ ಗೆದ್ದರು ಅಂತ ಸುಳ್ಳು ಹೇಳೋದು ಬೇಡ. ಆದರೆ ಯಾವ ಕಾಗದದಲ್ಲೂ ಹೆಸರಿಲ್ಲದ ಹೆಂಗಸರು ಬೀದಿಯಲ್ಲಿ ಕೂತು ವಿಧಾನಸೌಧದ ತನಕ ತಮ್ಮ ಹೆಸರು ಕೇಳಿಸಿದರು.

ಪಕ್ಕದ ನಾಗರಹೊಳೆಯ ಹೋರಾಟ ಇನ್ನೂ ಹಳೆಯದು. ಹುಲಿ ಉಳಿಸಬೇಕು ಅಂತ ಜನರನ್ನ ಹೊರಗೆ ಹಾಕಿದರು. ಆಮೇಲೆ ಅದೇ ಕಾಡಿನೊಳಗೆ ಒಂದು ದೊಡ್ಡ ಹೋಟೆಲ್ ಕಂಪನಿಗೆ ಜಾಗ ಕೊಟ್ಟರು. ಹುಲಿಗೆ ಜೇನುಕುರುಬ ಅಡ್ಡಿ, ಪ್ರವಾಸಿ ಸಾಹೇಬ ಅಡ್ಡಿ ಇಲ್ಲ! ಆದಿವಾಸಿಗಳು ಎದ್ದು ನಿಂತರು. 1997ರಲ್ಲಿ ಹೈಕೋರ್ಟು ಆ ಗುತ್ತಿಗೆ ಕಾನೂನುಬಾಹಿರ ಅಂದಿತು. ಹೋಟೆಲ್ ಬರಲಿಲ್ಲ. ಅಲ್ಲಿಂದ 28 ವರ್ಷ ಕಳೆದು 2025ರ ಮೇ 5ರಂದು 52 ಜೇನುಕುರುಬ ಕುಟುಂಬಗಳು ತಮ್ಮ ಹಳೆಯ ಜಾಗ ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸು ನಡೆದು ಹೋದವು. ಅರಣ್ಯ ಇಲಾಖೆ, ಪೊಲೀಸು ಎದುರು ನಿಂತರು. ಹೆಂಗಸರು ಬಿದಿರು ನೆಟ್ಟು ಗುಡಿಸಲು ಕಟ್ಟಿದರು. ಇದು ನಮ್ಮ ಜಾಗ ಅನ್ನೋದಕ್ಕೆ ಅವರು ತೋರಿಸಿದ್ದು ಹಿರಿಯರ ಸಮಾಧಿ ಮತ್ತು ದೇವರ ಜಾಗ. ಯಾವ ಮರದ ಬುಡದಲ್ಲಿ ಯಾರನ್ನು ಮಣ್ಣು ಮಾಡಿದ್ದು ಅಂತ ಹೇಳಬಲ್ಲವರು ಆ ಹಾಡಿಯ ಹಿರಿಯರೇ ಹೊರತು ಇಲಾಖೆಯ ನಕ್ಷೆ ಅಲ್ಲ.

ಒರಿಸ್ಸಾದ ನಿಯಮಗಿರಿಯಲ್ಲೂ ಹಾಗೇ ಆಯಿತು. 2013ರಲ್ಲಿ ಸುಪ್ರೀಂ ಕೋರ್ಟು ಗ್ರಾಮಸಭೆಯನ್ನೇ ಕೇಳಿರಿ ಅಂದಾಗ 12 ಹಳ್ಳಿಯ ಗ್ರಾಮಸಭೆಗಳು ಒಂದೊಂದಾಗಿ ಗಣಿ ಬೇಡ ಅಂದವು. ಡೋಂಗ್ರಿಯಾ ಕೊಂಧ ಹೆಂಗಸರು ಸಭೆಯಲ್ಲಿ ಎದ್ದು ನಿಂತು ಮಾತಾಡಿದರು.

ಹಾಸ್ಟೆಲಿನ ಗೆಳೆಯರು ಮುಖ್ಯವಾಗಿ ತಿಳೀಬೇಕಾದ್ದು ಬೋಧಗಯಾದ ಕಥೆ. ಬುದ್ಧನಿಗೆ ಬೆಳಕು ಕಂಡ ಆ ಊರಿನ ಸುತ್ತ ಸಾವಿರಾರು ಎಕರೆ ನೆಲ ಶಂಕರ ಮಠದ ಮಹಂತನ ಕೈಯಲ್ಲಿತ್ತು. ದುಡಿಯೋರು ಭುಯಿಯಾ ದಲಿತರು. 1978ರಲ್ಲಿ ಛಾತ್ರ ಯುವ ಸಂಘರ್ಷ ವಾಹಿನಿ ಅನ್ನೋ ವಿದ್ಯಾರ್ಥಿ ಯುವಜನರ ಸಂಘಟನೆ ಅಲ್ಲಿಗೆ ಹೋಯಿತು. ಅದರಲ್ಲಿ ಮೂವತ್ತು ದಾಟಿದವರಿಗೆ ಸದಸ್ಯತ್ವ ಇರಲಿಲ್ಲ, ಅಂದರೆ ನಮ್ಮ ನಿಮ್ಮ ವಯಸ್ಸಿನವರು. ಹೊಲಕ್ಕೆ ಇಳಿದು ಉತ್ತರು, ಏಟು ತಿಂದರು, ಜೈಲಿಗೆ ಹೋದರು. ಹೆಂಗಸರೇ ಮುಂದಿನ ಸಾಲಿನಲ್ಲಿ ಇದ್ದರು. ಎಂಬತ್ತರ ದಶಕದ ಆರಂಭದಲ್ಲಿ ನೆಲ ಹಂಚುವ ಹೊತ್ತು ಬಂದಾಗ ಪಟ್ಟಾ ಗಂಡಸರ ಹೆಸರಿಗೆ ತಯಾರಾಯಿತು. ಲಾಠಿ ಬರುವಾಗ ನಾವು ಮುಂದೆ, ಪಟ್ಟಾ ಬರುವಾಗ ಹಿಂದೆ ಯಾಕೆ ಅನ್ನೋದು ಹೆಂಗಸರ ತಕರಾರು. ಕುಡಿದು ಬಡಿಯೋ ಗಂಡನ ಕೈಗೆ ನೆಲವೂ ಸಿಕ್ಕರೆ ನಮ್ಮ ಗತಿ ಏನು ಅಂತಲೂ ಕೇಳಿದರು. ಪಟ್ಟಾ ಮನೆಯ ಯಜಮಾನನಿಗೆ ಮಾತ್ರ ಅಂತ ಅಧಿಕಾರಿಗಳು ಹಟ ಹಿಡಿದರು. ಕೆಲವು ಹಳ್ಳಿಗಳಲ್ಲಿ ಗಂಡಸರೂ ಹೆಂಗಸರೂ ಕೂಡಿ ಚರ್ಚೆ ಮಾಡಿ, ಕೊಡೋದಾದರೆ ಹೆಂಗಸರ ಹೆಸರಿಗೇ ಕೊಡಿ ಅಂತ ನಿಂತರು. ಕೊನೆಗೆ ಸರ್ಕಾರ ಬಗ್ಗಿತು. ಉಳಿದೋರಿಗೆಲ್ಲ ಕಲಿಸಿದ್ದು ಓದು ಬರಹ ಇಲ್ಲದ ಭುಯಿಯಾ ಹೆಂಗಸರು, ಡಿಗ್ರಿ ಓದಿದ ಹುಡುಗರು ಅಲ್ಲ.

ಈಗ ವಾಪಸು ಚಿಂಚೋಳಿಗೆ ಬರೋಣ. ಗೊಟ್ಟಂಗೊಟ್ಟ, ಚಂದ್ರಂಪಳ್ಳಿ ಸುತ್ತಿನ ಕಾಡನ್ನು 2011ರಲ್ಲಿ ವನ್ಯಧಾಮ ಅಂತ ಸಾರಿದರು. ಕಾಡಿನ ಒಳಗೂ ಅಂಚಿಗೂ ತಾಂಡಾಗಳಿವೆ. ಅಲ್ಲಿನ ಲಂಬಾಣಿ ಯಾಡಿಗಳು ಅದೇ ಮಣ್ಣಲ್ಲಿ ಬಿತ್ತಿ ಬೆಳೆದವರು. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನಲ್ಲಿ ಉಳುವವರಿಗೆ ಹಕ್ಕು ಕೊಡ್ತದೆ. ಆದರೆ ಒಂದು ಗಂಟಿದೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರೆ ಸಾಕು. ಉಳಿದವರು ಆ ದಿನಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದದ್ದನ್ನು ತೋರಿಸಬೇಕು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಗಡಿ ದಾಟಿ ತಾಂಡೂರಿನ ಕಡೆ ಹೋದರೆ, ತೆಲಂಗಾಣದಲ್ಲಿ, ಅವರೇ ಪರಿಶಿಷ್ಟ ಪಂಗಡ. ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಆಚೆ ಕೊಟ್ಟ ಮಗಳಿಗೆ ಒಂದು ಕಾನೂನು, ಈಚೆ ಉಳಿದ ಮಗಳಿಗೆ ಇನ್ನೊಂದು. ಈಚೆಯ ಮಗಳು 1930ರ ದಾಖಲೆ ತರಬೇಕು. ನಿಜಾಮನ ಕಾಲದ ಉರ್ದು ಕಾಗದ ತಾಂಡಾದ ಗುಡಿಸಲಲ್ಲಿ ಯಾರು ಇಟ್ಟಿರ್ತಾರೆ?

ಅದೇ ಕಾಯಿದೆಯ ನಿಯಮಗಳಲ್ಲಿ ಒಂದು ಕಿಟಕಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷಿ. ಯಾವ ಬಾವಿ ಯಾರು ತೋಡಿದ್ದು, ಯಾವ ಬರದಲ್ಲಿ ಯಾರು ಸತ್ತರು, ಎಲ್ಲಿ ಮಣ್ಣು ಮಾಡಿದರು, ಯಾವ ಹುಣಸೆ ಮರ ಯಾರು ನೆಟ್ಟದ್ದು, ಇವೆಲ್ಲ ಮುದುಕಿಯರ ತಲೆಯಲ್ಲಿವೆ. ಕಾನೂನು ಒಪ್ಪಿದ ಸಾಕ್ಷಿ ದಿನಾ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಜಗೀತಾ ಇದ್ದಾಳೆ, ಯಾರೂ ಬರಕೊಳ್ಳೋದಿಲ್ಲ. ಇನ್ನೂ ಎರಡು ಮಾತು ಆ ಕಾಯಿದೆಯಲ್ಲಿವೆ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೂ ಜಂಟಿಯಾಗಿ ಬರಬೇಕು. ಈ ವಿಷಯಕ್ಕೆ ಕೂಡುವ ಗ್ರಾಮಸಭೆಯಲ್ಲಿ ಅರ್ಧ ಊರು ಇರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ತಾಂಡಾದ ಅರ್ಧ ಜನ ಮುಂಬಯಿ, ಪುಣೆ, ಹೈದರಾಬಾದಿಗೆ ದುಡಿಯೋಕೆ ಹೋದ ತಿಂಗಳಲ್ಲಿ ಸಭೆ ಇಟ್ಟರೆ ಯಾರು ಬರ್ತಾರೆ?

2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಪ್ರಧಾನಮಂತ್ರಿ ಬಂದಿದ್ದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಈ ಐದು ಜಿಲ್ಲೆಗಳ ತಾಂಡಾ ಹಟ್ಟಿಗಳ 50 ಸಾವಿರಕ್ಕೂ ಮಿಕ್ಕಿದ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಸುಮಾರು 1,475 ದಾಖಲೆ ಇಲ್ಲದ ವಸತಿಗಳನ್ನು ಕಂದಾಯ ಗ್ರಾಮ ಮಾಡೋದಾಯಿತು. ಒಳ್ಳೆಯದೇ. ತಲೆಮಾರುಗಟ್ಟಲೆ ಕಂಡವರ ನೆಲದಲ್ಲಿ ಮಲಗಿದವರಿಗೆ ಮನೆಯ ಅಡಿಯ ಜಾಗ ತಮ್ಮದಾಯಿತು. ಆದರೆ ಅದು ಮಲಗೋ ಜಾಗ. ಉಣ್ಣೋ ಜಾಗ ಹೊಲ, ಅದರ ಹಕ್ಕುಪತ್ರ ಎಲ್ಲಿ ಅಂತ ಕೇಳುವ ಕೆಲಸ ಇನ್ನೂ ಬಾಕಿ ಇದೆ.

ಇಷ್ಟು ಹೇಳಿದರೆ ನಮ್ಮವರೇ ಕೆಲವರು ತಕರಾರು ಎತ್ತುತ್ತಾರೆ. ಎತ್ತಲಿ, ಅವು ಸುಳ್ಳು ತಕರಾರುಗಳಲ್ಲ.

ಮೊದಲನೆಯದು: ಬಾಬಾಸಾಹೇಬರು ಹಳ್ಳಿಯನ್ನು ನಂಬಲಿಲ್ಲ, ಊರು ಬಿಟ್ಟು ಪಟ್ಟಣಕ್ಕೆ ಹೋಗಿ ಅಂದರು. ನಾವ್ಯಾಕೆ ಕರಿ ಮಣ್ಣಿಗೆ ಅಂಟಿಕೊಂಡು ಕೂರಬೇಕು? ನಿಜ, ಹಳ್ಳಿ ನಮಗೆ ಸ್ವರ್ಗ ಅಲ್ಲ. ಕೆರೆ ಮುಟ್ಟಗೊಡದ, ಹೋಟೆಲಿನಲ್ಲಿ ಬೇರೆ ಕಪ್ಪು ಇಟ್ಟ ಹಳ್ಳಿಯ ಬಗ್ಗೆ ನನಗೇನೂ ಮೋಹ ಇಲ್ಲ. ಆದರೆ ಬರಿಗೈಯಲ್ಲಿ ಹಳ್ಳಿ ಬಿಟ್ಟವನಿಗೆ ಪಟ್ಟಣ ಕೊಡೋದು ಪಟ್ಟಣದ ಜೀತ. ಬಾಬಾಸಾಹೇಬರೇ ಕೊನೆಯ ದಿನಗಳಲ್ಲಿ ಹಳ್ಳಿಯ ಭೂಹೀನರಿಗಾಗಿ ಮಾಡಬೇಕಾದ್ದು ಉಳಿದುಹೋಯಿತು ಅಂತ ನೊಂದವರು. ಅವರ ಹಿಂದೆ ದಾದಾಸಾಹೇಬ ಗಾಯಕವಾಡರು 1959ರಲ್ಲಿ, ಮತ್ತೆ 1964-65ರಲ್ಲಿ ಭೂಮಿ ಸತ್ಯಾಗ್ರಹ ಹೂಡಿದಾಗ ಲಕ್ಷಗಟ್ಟಲೆ ಜನ ಜೈಲು ತುಂಬಿದರು. ಹೆಂಗಸರು ಕಂಕುಳಲ್ಲಿ ಕೂಸು ಎತ್ತಿಕೊಂಡು ಜೈಲಿಗೆ ಹೋದರು.

ಎರಡನೆಯದು: ಕಾರ್ಖಾನೆ ಬಂದರೆ ನೌಕರಿ ಬರ್ತದೆ. ಬರಲಿ, ಬೇಡ ಅಂದೋರು ಯಾರು? ನೌಕರಿ ಎಂಥದ್ದು, ಯಾರಿಗೆ, ಎಷ್ಟು ವರ್ಷಕ್ಕೆ ಅನ್ನೋದನ್ನ ಬರವಣಿಗೆಯಲ್ಲಿ ಕೇಳಬೇಕು. ಗುತ್ತಿಗೆದಾರನ ಕೈಕೆಳಗೆ ಚೀಲ ಎತ್ತೋ ಕೆಲಸ ಅಪ್ಪನಿಗೆ ಬಂದರೆ ಅದು ಅವನ ರೆಟ್ಟೆ ಗಟ್ಟಿ ಇರೋ ತನಕ. ಹೊಲ ಮಗಳಿಗೂ ಉಳೀತಿತ್ತು, ಮೊಮ್ಮಗಳಿಗೂ ಉಳೀತಿತ್ತು. 2013ರ ಭೂಸ್ವಾಧೀನ ಕಾಯಿದೆಯಲ್ಲಿ ಮೂರು ವರ್ಷದಿಂದ ಆ ನೆಲವನ್ನು ನಂಬಿ ಬದುಕಿದ ಕೂಲಿಕಾರರೂ ಸಂತ್ರಸ್ತರು ಅಂತ ಇದೆ. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟ ಹೆಂಗಸು ಬೇರೆಯೇ ಕುಟುಂಬ ಅಂತಲೂ ಇದೆ. ಇದನ್ನ ಕೇರಿಯಲ್ಲಿ ಓದಿ ಹೇಳಿದವರು ಎಷ್ಟು ಮಂದಿ? ಏಜೆಂಟ ಎಕರೆ ಎಕರೆ ಕೊಂಡುಕೊಂಡು ಹೋಗುವಾಗ ಊರು ಕೂಡಿಸಿ ಕೇಳೋರಂತೂ ಇಲ್ಲವೇ ಇಲ್ಲ.

ಮೂರನೆಯದು, ಮೀಸೆಯ ತಕರಾರು: ಹೆಣ್ಣಿನ ಹೆಸರಿಗೆ ಹೊಲ ಮಾಡಿದರೆ ಅಳಿಯನ ಪಾಲಾಗ್ತದೆ. ಮಗಳಿಗೆ ಆಸ್ತಿ ಹಕ್ಕು ಬೇಕು ಅಂತ ಹಿಂದೂ ಕೋಡ್ ಬಿಲ್ ಬರೆದು, ಅದು ಬಿದ್ದುಹೋಯಿತು ಅಂತ 1951ರಲ್ಲಿ ಮಂತ್ರಿಗಿರಿಯನ್ನೇ ಬಿಸಾಕಿ ಬಂದವರು ಯಾರ ನಾಯಕರು? ಅವರ ಫೋಟೋಕ್ಕೆ ಹಾರ ಹಾಕಿ ಮನೆಗೆ ಬಂದು ತಂಗಿಯ ಪಾಲು ನುಂಗೋದು ಎಂಥ ಚಳವಳಿ? ಕರ್ನಾಟಕದಲ್ಲಿ 1994ರಿಂದ, ಇಡೀ ದೇಶದಲ್ಲಿ 2005ರಿಂದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಹಿಂದೂ ವಾರಸಾ ಕಾಯಿದೆ ಪರಿಶಿಷ್ಟ ಪಂಗಡದವರಿಗೆ ಅನ್ವಯ ಆಗೋದಿಲ್ಲ ಅನ್ನೋ ನೆಪದಲ್ಲಿ ಆದಿವಾಸಿ ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದರು. ಛತ್ತೀಸಗಢದ ಒಂದು ಆದಿವಾಸಿ ಕುಟುಂಬದ ಮೊಕದ್ದಮೆಯಲ್ಲಿ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ಹೆಣ್ಣು ಅನ್ನೋ ಕಾರಣಕ್ಕೆ ಪಾಲು ತಪ್ಪಿಸೋದು ಸಮಾನತೆಗೆ ವಿರುದ್ಧ ಅಂದಿತು.

ನಾಲ್ಕನೆಯದು: ಜೇನುಕುರುಬರು ಬೇರೆ, ಲಂಬಾಣಿಗರು ಬೇರೆ, ನಮ್ಮ ಕೇರಿ ಬೇರೆ. ಮೀಸಲಾತಿಯ ಹಂಚಿಕೆಯಲ್ಲಿ ಜಗಳ ಇರಬಹುದು, ಅದನ್ನ ಕೂತು ಬಗೆಹರಿಸಿಕೊಳ್ಳೋಣ. ನೆಲದ ವಿಷಯಕ್ಕೆ ಆ ಜಗಳ ತರಬಾರದು. 1968ರಲ್ಲಿ ಇದೇ ಗುಲಬರ್ಗಾದಲ್ಲಿ ಬಿ. ಶ್ಯಾಮಸುಂದರ್ ಭೀಮಸೇನೆ ಕಟ್ಟಿದರು. ನಾವು ಈ ನೆಲದ ಮೂಲಭಾರತೀಯರು ಅನ್ನೋದು ಅವರ ಮಾತು. ಮೂಲದವರು ಅಂದ ಮೇಲೆ ಕಾಡಿನವರು, ತಾಂಡಾದವರು, ಕೇರಿಯವರು ಅಂತ ಗೋಡೆ ಯಾಕೆ? ಜೆಸಿಬಿಗೆ ನಮ್ಮ ಒಳಜಾತಿ ಗೊತ್ತಾಗೋದಿಲ್ಲ.

ಹಾಗಾದರೆ ಹಾಸ್ಟೆಲಿನಲ್ಲಿ ಕೂತ ನಾವು ಏನು ಮಾಡಬೇಕು? ಭಾಷಣ ಸಾಕು. ಮುಂದಿನ ರಜೆಗೆ ಊರಿಗೆ ಹೋಗ್ತೀರಲ್ಲ, ಆಗ ಮಾಡೋ ಕೆಲಸ ಹೇಳ್ತೀನಿ.

ಒಂದು, ಮನೆಯ ಪಹಣಿ ತೆಗೆಸಿ. ಮುತ್ಯಾ ಸತ್ತು ಎಷ್ಟೋ ವರ್ಷ ಆದರೂ ಅವನ ಹೆಸರೇ ಇದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿ. ವಾರಸುದಾರರ ಪಟ್ಟಿಯಲ್ಲಿ ಆಯಿ, ಅವ್ವ, ಅಕ್ಕ, ತಂಗಿ ಎಲ್ಲರ ಹೆಸರೂ ಬರೆಸಿ. ನಿಮ್ಮ ಪಾಲು ಕಡಿಮೆ ಆಗ್ತದೆ, ಆಗಲಿ. ಎಷ್ಟು ಹೆಚ್ಚು ಸಹಿ ಬೇಕಾಗ್ತವೋ ಏಜೆಂಟನಿಗೆ ಅಷ್ಟು ಕಷ್ಟ.

ಎರಡು, ನಿಮ್ಮದು ಸರ್ಕಾರ ಮಂಜೂರು ಮಾಡಿದ ಜಮೀನು ಹೌದೋ ಅಲ್ಲವೋ ಕೇಳಿ. ಹೌದಾದರೆ 1978ರ ಪಿಟಿಸಿಎಲ್ ಕಾಯಿದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನ ಮಾರುವ ಹಾಗಿಲ್ಲ, ಮಾರಿದ್ದರೆ ಅದು ಮಾರಾಟವೇ ಅಲ್ಲ. ಬಿಡಿಸಿ ಕೊಡುವ ಅಧಿಕಾರ ಸಹಾಯಕ ಆಯುಕ್ತರಿಗೆ ಇದೆ. ನಮ್ಮ ತಾಲ್ಲೂಕುಗಳಿಗೆ ಸೇಡಂನಲ್ಲೇ ಆ ಕಚೇರಿ. ವಾರಸುದಾರರೇ ಹೋಗಬೇಕು ಅಂತಿಲ್ಲ, ಯಾರು ಬೇಕಾದರೂ ಬರವಣಿಗೆಯಲ್ಲಿ ಮಾಹಿತಿ ಕೊಡಬಹುದು ಅಂತ 5ನೇ ಕಲಮು ಹೇಳ್ತದೆ. ತಡ ಆಯಿತು ಅನ್ನೋ ಕಾರಣಕ್ಕೆ 2017ರ ಸುಪ್ರೀಂ ಕೋರ್ಟು ತೀರ್ಪಿನ ನಂತರ ಎಷ್ಟೋ ಕೇಸು ಬಿದ್ದವು. ಹೋರಾಟ ನಡೆದು 2023ರಲ್ಲಿ ಕಾಯಿದೆಗೆ ತಿದ್ದುಪಡಿ ಬಂತು. ತಿದ್ದುಪಡಿ ಬಂತು ಅಂತ ಸುಮ್ಮನೆ ಕೂಡಬೇಡಿ, ಇವತ್ತೇ ಅರ್ಜಿ ಬರೀರಿ.

ಮೂರು, ಒಂದು ನೋಟ್‌ಬುಕ್ ತಗೊಂಡು ಮುದುಕಿಯರ ಹತ್ತಿರ ಕೂಡಿ. ಚಿಂಚೋಳಿ ಕಡೆಯವರಂತೂ ತಪ್ಪದೆ ಮಾಡಬೇಕು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ತಾರೀಕು ಹಾಕಿ, ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿ. ಅಪ್ಪನ ಹೆಬ್ಬೆಟ್ಟಿನಿಂದ ಹೊಲ ಹೋಯಿತು, ಆಯಿಯ ಹೆಬ್ಬೆಟ್ಟಿನಿಂದ ಬರಬಹುದು. ತಡ ಮಾಡಬೇಡಿ, ಮುದುಕಿಯರು ಕಾಯೋದಿಲ್ಲ.

ನಾಲ್ಕು, ಗ್ರಾಮಸಭೆಗೆ ಹೋಗಿ ಹೆಂಗಸರ ತಲೆ ಎಣಿಸಿ. ಮನೆಗೆ ಪುಸ್ತಕ ಕಳಿಸಿ ಸಹಿ ತರಿಸಿಕೊಂಡರೆ ಅದು ಸಭೆ ಅಲ್ಲ. ಕಸ ತೆಗೆಯೋ ಸುಗ್ಗಿಯಲ್ಲಿ ಮಧ್ಯಾಹ್ನ ಸಭೆ ಇಟ್ಟರೆ ಅದೂ ಸಭೆ ಅಲ್ಲ. ಕೂಲಿ ಮುಗಿದ ಮೇಲೆ ಸಂಜೆ ಇಡಿ ಅಂತ ಬರೆದು ಕೊಡಿ.

ಐದು, ನಮ್ಮದೇ ವೇದಿಕೆ. ಈ ಪತ್ರಿಕೆ ಮಾರುವ ಸಭೆಗಳಲ್ಲಿ ಮೇಲೆ ಕೂತವರನ್ನು ಎಣಿಸಿ. ಒಬ್ಬ ಅಕ್ಕ ಇದ್ದರೆ ಅವಳಿಗೆ ಪ್ರಾರ್ಥನೆ ಹಾಡೋ ಕೆಲಸ, ಹಾರ ತರೋ ಕೆಲಸ. ಭೂಮಿಯ ಬಗ್ಗೆ ಠರಾವು ಓದೋದು ನಮ್ಮಂಥ ಬಿ.ಎ. ಓದಿದ ಗಂಡಸು. ಮುಂದಿನ ಸಭೆಯಲ್ಲಿ ಹೊಲ ಕಳಕೊಂಡ ಹೆಂಗಸರನ್ನು, ಕಲ್ಲುಗಣಿಯಲ್ಲಿ ಬುಟ್ಟಿ ಹೊರುವ ಹೆಂಗಸರನ್ನು ಮೊದಲು ಮಾತಾಡಿಸಿ. ಅವರ ಮಾತು ವ್ಯಾಕರಣಕ್ಕೆ ಸರಿ ಬರದಿದ್ದರೆ ನಾವು ನಮ್ಮ ಕಿವಿ ಸರಿ ಮಾಡಿಕೊಳ್ಳೋಣ. ನಾವು ಕೆಳಗೆ ಕೂತು ಬರಕೊಳ್ಳೋಣ.

ಬೆಂಗಳೂರಿನ ಹತ್ತಿರ ದೇವನಹಳ್ಳಿಯಲ್ಲಿ 13 ಹಳ್ಳಿಯ ಜನ 1,777 ಎಕರೆಗಾಗಿ 1,198 ದಿನ ಧರಣಿ ಕೂತರು. ಹೆಂಗಸರು ಮನೆಗೆಲಸ, ಹೊಲಗೆಲಸ ಮುಗಿಸಿ ಬಂದು ದಿನಾ ಕೂತರು, ಲಾಠಿ ಬಂದಾಗಲೂ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಆ ಭೂಸ್ವಾಧೀನ ಕೈಬಿಟ್ಟಿದ್ದೇವೆ ಅಂತ ಹೇಳಬೇಕಾಯಿತು. ನಮ್ಮ ಕಾಗಿಣಾ ದಂಡೆಯ ಅವ್ವಂದಿರಿಗೆ ಆ ತಾಕತ್ತು ಇಲ್ಲ ಅಂತ ಯಾರು ಹೇಳ್ತಾರೆ? ಒಂದು ದಿನಕ್ಕೆ ಎಷ್ಟು ಸಾಲು ಕಸ ತೆಗೀತಾರೆ ಅಂತ ನೋಡಿದವರು ಆ ಮಾತು ಆಡೋದಿಲ್ಲ.

ಈ ಸಲ ಊರಿಗೆ ಹೋದಾಗ ಮೊದಲು ಅವ್ವನನ್ನು ಕೇಳ್ರಿ: ಯವ್ವಾ, ಹೊಲದ ವಿಷಯದಾಗ ನಿನ್ನ ಮಾತೇನು? ಅವಳು ಹೇಳಿದ್ದನ್ನ ಬರಕೊಂಡು ಬರ್ರಿ. ಮುಂದಿನ ಸಭೆ ಆ ಮಾತಿನಿಂದ ಶುರು ಮಾಡೋಣ.

ಜೈ ಭೀಮ್.